ಪೇಸ್‌ಮೇಕರ್ ಸರಿಯಿದೆ, ಹೃದಯ ಹೇಗಿದೆ?

ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಮಸೀದಿಯ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬಿದ್ದಿದ್ದರು. ನಾಡಿ ನಿಮಿಷಕ್ಕೆ 34ಕ್ಕೆ ಇಳಿದಿತ್ತು. ಎರಡೇ ದಿನದಲ್ಲಿ ಪೇಸ್‌ಮೇಕರ್ ಅಳವಡಿಸಲಾಯಿತು. ಮುಂದಿನ ತಿಂಗಳು ಮೊದಲ ಸಫ್‌ನಲ್ಲಿ ಅವರನ್ನು ಕಂಡು ನಮಗೆಲ್ಲ ಸಂತೋಷವಾಗಿತ್ತು. ಹೊಲಿಗೆ ಒಣಗಿದ ಮೇಲೆ ಒಮ್ಮೆ ತಪಾಸಣೆಗೆ ಹೋದರು, ಆರು ತಿಂಗಳಿಗೆ ಇನ್ನೊಮ್ಮೆ ಹೋದರು. ಆಮೇಲೆ ನಿಂತುಹೋಯಿತು. ಅದಕ್ಕೂ ಎಷ್ಟೋ ವರ್ಷ ಮೊದಲು ಅವರಿಗೆ ಹೃದಯಾಘಾತವಾಗಿತ್ತು, ಸ್ಟೆಂಟ್ ಹಾಕಲಾಗಿತ್ತು, ಸಕ್ಕರೆ ಕಾಯಿಲೆ ಹಳೆಯ ಸಂಗಾತಿ. ಆದರೆ ಪೇಸ್‌ಮೇಕರ್ ಬಂದ ಮೇಲೆ ಮನೆಯವರ ಲೆಕ್ಕದಲ್ಲಿ ಹೃದಯದ ಅಧ್ಯಾಯ ಮುಗಿದಿತ್ತು.

ಕಳೆದ ಮಳೆಗಾಲದಲ್ಲಿ ಅವರಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟತೊಡಗಿತು. ಕಾಲು ಊದಿಕೊಂಡಿತು. ವಯಸ್ಸಾಯಿತು, ಮಳೆಯ ಥಂಡಿ, ಕಫ ಎಂದು ಒಂದೂವರೆ ತಿಂಗಳು ಕಳೆಯಿತು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಪೇಸ್‌ಮೇಕರ್ ಪರೀಕ್ಷಿಸಿದವರು ಬ್ಯಾಟರಿ ಚೆನ್ನಾಗಿದೆ, ವಯರ್ ಚೆನ್ನಾಗಿದೆ ಎಂದರು. ಎಕೋ ಮಾಡಿದ ವೈದ್ಯರು ಹೃದಯದ ಪಂಪ್ ಮಾಡುವ ಶಕ್ತಿ ಅರ್ಧಕ್ಕೆ ಇಳಿದಿದೆ ಎಂದರು. ನಾವು ನೋಡಲು ಹೋದಾಗ ಅವರ ಮಗ ಕೇಳಿದ ಪ್ರಶ್ನೆ ಒಂದೇ: “ಮೆಷಿನ್ ಸರಿಯಿದ್ದರೆ ಉಸಿರು ಏಕೆ ಕಟ್ಟುತ್ತದೆ?”

ಈ ಪ್ರಶ್ನೆ ಆ ಮನೆಯದು ಮಾತ್ರವಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಬಹಳ ಮಂದಿಗೆ ಹೃದಯದ ಬೇರೊಂದು ಕಾಯಿಲೆಯೂ ಇರುತ್ತದೆ. ಆ ಇನ್ನೊಂದು ಕಾಯಿಲೆಯ ಕಾರಣದಿಂದಲೇ ಅವರ ತಪಾಸಣೆ ಇತರರ ತಪಾಸಣೆಯಂತಲ್ಲ. ಆದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೃದಯವನ್ನು ಒಂದು ಮನೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ಕೋಣೆಗಳಿವೆ, ಕೋಣೆಗಳ ನಡುವೆ ಬಾಗಿಲುಗಳಿವೆ, ಇವೇ ಕವಾಟಗಳು. ಗೋಡೆಗಳಿಗೆ ರಕ್ತ ಒದಗಿಸುವ ಕೊಳವೆಗಳಿವೆ. ಸ್ಟೆಂಟ್ ಹಾಕುವುದು ಈ ಕೊಳವೆಗಳಿಗೆ. ಗೋಡೆಯೇ ಸ್ನಾಯು; ಅದು ಹಿಂಡಿದಾಗ ರಕ್ತ ಹೊರಗೆ ಹೋಗುತ್ತದೆ. ಇವೆಲ್ಲದರ ಜೊತೆಗೆ ವಿದ್ಯುತ್ತಿನ ವಯರಿಂಗ್ ಇದೆ. ಬಲ ಮೇಲ್ಕೋಣೆಯ ಒಂದು ಸಣ್ಣ ಗಂಟಿನಲ್ಲಿ ಹುಟ್ಟುವ ವಿದ್ಯುತ್ ಸಂಜ್ಞೆ ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣ ಹೊತ್ತು ನಿಂತು, ಅಲ್ಲಿಂದ ಕೆಳಕೋಣೆಗಳಿಗೆ ಹರಿಯುತ್ತದೆ. ಮೊದಲ ಗಂಟು ಸುಸ್ತಾದರೆ ಅಥವಾ ನಡುವಿನ ದಾರಿ ಕಡಿದುಹೋದರೆ ಬಡಿತ ನಿಧಾನವಾಗುತ್ತದೆ, ಕೆಲವೊಮ್ಮೆ ಕೆಲವು ಸೆಕೆಂಡು ನಿಂತೇಬಿಡುತ್ತದೆ. ಪೇಸ್‌ಮೇಕರ್ ರಿಪೇರಿ ಮಾಡುವುದು ಈ ವಯರಿಂಗನ್ನು ಮಾತ್ರ. ಕೊಳವೆ ಕಟ್ಟಿಕೊಂಡಿದ್ದರೆ ಅದು ತೆರೆಯದು, ಬಾಗಿಲು ಸೋರುತ್ತಿದ್ದರೆ ಮುಚ್ಚದು, ಗೋಡೆ ಸಡಿಲವಾಗಿದ್ದರೆ ಬಿಗಿ ಮಾಡದು. ಎಲೆಕ್ಟ್ರಿಷಿಯನ್ ಬಂದು ಹೋದ ಮಾತ್ರಕ್ಕೆ ನಲ್ಲಿಯ ಸೋರಿಕೆ ನಿಲ್ಲುವುದಿಲ್ಲವಲ್ಲ!

ಈ ಉಪಕರಣವನ್ನು ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಇಟ್ಟದ್ದು 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್, ಉಪಕರಣ ತಯಾರಿಸಿದ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್, ರೋಗಿ ಆರ್ನೆ ಲಾರ್ಸನ್. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ಕೆಟ್ಟುಹೋಯಿತು. ಆದರೆ ಲಾರ್ಸನ್ ಜೀವನದುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡು, ತಮ್ಮ ಶಸ್ತ್ರಚಿಕಿತ್ಸಕರಿಗಿಂತಲೂ ಎಂಜಿನಿಯರ್‌ಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಾವಿಗೆ ಕಾರಣ ಹೃದಯವಲ್ಲ, ಕ್ಯಾನ್ಸರ್. ಪೇಸ್‌ಮೇಕರ್ ಇದ್ದವರು ದೀರ್ಘಕಾಲ ಬದುಕಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಮನುಷ್ಯ ತಪಾಸಣೆಗೆ ಎಷ್ಟು ಸಲ ಹೋಗಿರಬೇಕು ಎಂಬುದನ್ನೂ ಊಹಿಸಿಕೊಳ್ಳಿ.

ತಪಾಸಣೆಯಲ್ಲಿ ಏನು ನಡೆಯುತ್ತದೆ?

ಭಯಪಡುವಂಥದ್ದು ಏನೂ ಇಲ್ಲ. ಸೂಜಿ ಇಲ್ಲ, ನೋವಿಲ್ಲ. ಪ್ರೋಗ್ರಾಮರ್ ಎಂಬ ಲ್ಯಾಪ್‌ಟಾಪ್‌ನಂತಹ ಯಂತ್ರಕ್ಕೆ ಜೋಡಿಸಿದ ಒಂದು ಬಿಲ್ಲೆಯನ್ನು ಪೇಸ್‌ಮೇಕರ್ ಇರುವ ಜಾಗದ ಮೇಲೆ ಇಡುತ್ತಾರೆ. ಕೆಲವು ಹೊಸ ಯಂತ್ರಗಳು ದೂರದಿಂದಲೇ ಮಾತನಾಡುತ್ತವೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ನಮ್ಮ ಸಹೋದರಿಯರು ಎದೆಯ ಭಾಗದ ಪರೀಕ್ಷೆ ಎಂಬ ಸಂಕೋಚದಿಂದ ತಪಾಸಣೆ ಮುಂದೂಡುವುದನ್ನು ನಾವು ಕಂಡಿದ್ದೇವೆ. ಬಿಲ್ಲೆಯನ್ನು ಬಟ್ಟೆಯ ಮೇಲೆಯೇ ಇಡಬಹುದು, ಅದು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಚರ್ಮ ನೋಡಬೇಕಾದಾಗ ಮಹಿಳಾ ಸಿಬ್ಬಂದಿಯನ್ನು ಕೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮೊದಲು ನೋಡುವುದು ಬ್ಯಾಟರಿ. ಸಾಮಾನ್ಯವಾಗಿ ಅದು 8ರಿಂದ 12 ವರ್ಷ ಬರುತ್ತದೆ. ಎಷ್ಟು ಬಡಿತಗಳನ್ನು ಅದು ಕೊಡಬೇಕಾಗುತ್ತದೆ ಎಂಬುದರ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಬ್ಯಾಟರಿ ಕ್ಷೀಣಿಸಿದಾಗ ಯಂತ್ರ ‘ಬದಲಿಸುವ ಸಮಯ ಬಂದಿದೆ’ ಎಂಬ ಸೂಚನೆ ಕೊಡುತ್ತದೆ. ಅಲ್ಲಿಂದ ಸುಮಾರು ಮೂರು ತಿಂಗಳ ಅವಕಾಶ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಹೋಗುವವನಿಗೆ ಈ ಮೂರು ತಿಂಗಳು ಸಿಗದೇ ಹೋಗಬಹುದು. ಬ್ಯಾಟರಿಯನ್ನು ಮಾತ್ರ ತೆಗೆದು ಹಾಕಲು ಬರುವುದಿಲ್ಲ, ಪೂರ್ತಿ ಡಬ್ಬಿಯನ್ನೇ ಬದಲಿಸಬೇಕು. ವಯರ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುತ್ತಾರೆ.

ನಂತರ ವಯರ್‌ಗಳ ಪರೀಕ್ಷೆ. ವಯರಿನ ವಿದ್ಯುತ್ ಪ್ರತಿರೋಧ ಹಠಾತ್ತನೆ ಏರಿದ್ದರೆ ಅದು ಮುರಿದಿರಬಹುದು, ಇಳಿದಿದ್ದರೆ ಹೊದಿಕೆ ಸವೆದಿರಬಹುದು. ಹೃದಯದ ಸ್ವಂತ ಬಡಿತವನ್ನು ಯಂತ್ರ ಸರಿಯಾಗಿ ಕೇಳಿಸಿಕೊಳ್ಳುತ್ತಿದೆಯೇ, ಹೃದಯವನ್ನು ಬಡಿಸಲು ಕನಿಷ್ಠ ಎಷ್ಟು ವಿದ್ಯುತ್ ಬೇಕಾಗುತ್ತಿದೆ ಎಂದೂ ನೋಡುತ್ತಾರೆ. ಆ ಕೊನೆಯ ಪರೀಕ್ಷೆಯ ಹೊತ್ತಿಗೆ ಎದೆ ಒಂದೆರಡು ಕ್ಷಣ ಜೋರಾಗಿ ಬಡಿದಂತೆ ಅಥವಾ ತಲೆ ಹಗುರಾದಂತೆ ಅನ್ನಿಸಬಹುದು. ಕೂಡಲೇ ಹೇಳಿದರೆ ನಿಲ್ಲಿಸುತ್ತಾರೆ.

ಅಳವಡಿಸಿದ ಕೆಲವೇ ದಿನಗಳೊಳಗೆ ಒಮ್ಮೆ, ಎರಡು ಮೂರು ತಿಂಗಳೊಳಗೆ ಇನ್ನೊಮ್ಮೆ, ಆಮೇಲೆ ಆರು ತಿಂಗಳಿಗೆ ಅಥವಾ ವರ್ಷಕ್ಕೊಮ್ಮೆ, ಬ್ಯಾಟರಿ ಕೊನೆಗೆ ಬಂದಾಗ ಇನ್ನಷ್ಟು ಬೇಗ, ರೂಢಿ ಹೀಗಿದೆ. ಮನೆಯಲ್ಲಿ ಮಂಚದ ಬಳಿ ಇಟ್ಟ ಸಣ್ಣ ಪೆಟ್ಟಿಗೆ ಅಥವಾ ಮೊಬೈಲ್ ಮೂಲಕ ಮಾಹಿತಿ ಆಸ್ಪತ್ರೆಗೆ ತಲುಪುವ ವ್ಯವಸ್ಥೆ ಇದ್ದವರಿಗೆ ಖುದ್ದು ಭೇಟಿ ಕಡಿಮೆಯಾಗಬಹುದು. ಆದರೆ ಆ ಪೆಟ್ಟಿಗೆ ಆಂಬುಲೆನ್ಸ್ ಅಲ್ಲ. ಎದೆನೋವು ಬಂದರೆ ಅದು ಯಾರನ್ನೂ ಕರೆಯುವುದಿಲ್ಲ.

ಇಷ್ಟೂ ನಡೆದ ಮೇಲೆ ‘ಎಲ್ಲ ಸರಿಯಿದೆ’ ಎಂದು ಬರೆದು ಕೊಡುತ್ತಾರೆ. ಹಲವು ಕಡೆ ಈ ಕೆಲಸ ಮಾಡುವವರು ತಂತ್ರಜ್ಞರು. ‘ಎಲ್ಲ’ ಎಂದರೆ ಯಂತ್ರದ ಎಲ್ಲ. ಸ್ನಾಯು ಎಷ್ಟು ಹಿಂಡುತ್ತಿದೆ, ಕವಾಟ ಎಷ್ಟು ಸೋರುತ್ತಿದೆ ಎಂಬುದನ್ನು ಆ ಬಿಲ್ಲೆ ಹೇಳುವುದಿಲ್ಲ. ಅದಕ್ಕೆ ಎಕೋ ಬೇಕು. ರಕ್ತನಾಳದ ಕಥೆಗೆ ಬೇರೆ ಪರೀಕ್ಷೆ ಬೇಕು. ನಮ್ಮ ಹಿರಿಯರ ಮನೆಯಲ್ಲಿ ಆದ ತಪ್ಪು ಇದೇ. ಹೃದ್ರೋಗ ವೈದ್ಯರ ಭೇಟಿಯನ್ನೂ ಯಂತ್ರದ ತಪಾಸಣೆಯನ್ನೂ ಒಂದೇ ಎಂದುಕೊಂಡರು. ಕೊನೆಗೆ ಎರಡೂ ತಪ್ಪಿಹೋದವು.

ಯಂತ್ರವೇ ಹೃದಯವನ್ನು ದಣಿಸಿದಾಗ

ಮಗನ ಪ್ರಶ್ನೆಗೆ ಈಗ ಉತ್ತರ. ನಮ್ಮ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ತುದಿಯ ಹಗ್ಗವನ್ನು ಎರಡು ಗುಂಪುಗಳು ಒಂದೇ ತಾಳದಲ್ಲಿ ಎಳೆಯಬೇಕು. ಒಂದು ಗುಂಪು ಮೊದಲು ಎಳೆದು, ಅವರು ಸಡಿಲ ಬಿಟ್ಟ ಮೇಲೆ ಇನ್ನೊಂದು ಗುಂಪು ಎಳೆದರೆ ಶ್ರಮ ಅಷ್ಟೇ, ಮೀನು ಮಾತ್ರ ದಡಕ್ಕೆ ಬರುವುದಿಲ್ಲ. ಸಹಜ ವಯರಿಂಗ್ ಇದ್ದಾಗ ಹೃದಯದ ಎಡಬಲ ಗೋಡೆಗಳು ಒಟ್ಟಿಗೆ ಹಿಂಡುತ್ತವೆ. ಸಾಮಾನ್ಯ ಪೇಸ್‌ಮೇಕರ್‌ನ ವಯರ್ ಬಲ ಕೆಳಕೋಣೆಯಲ್ಲಿ ನೆಟ್ಟಿರುತ್ತದೆ. ಅಲ್ಲಿಂದ ಹೊರಟ ವಿದ್ಯುತ್ ಸ್ನಾಯುವಿನ ಮೂಲಕ ನಿಧಾನವಾಗಿ ಹರಡುತ್ತದೆ, ಎಡಗೋಡೆಗೆ ತಡವಾಗಿ ತಲುಪುತ್ತದೆ. ಬಹುತೇಕ ಮಂದಿಯ ಹೃದಯ ಇದನ್ನು ವರ್ಷಾನುಗಟ್ಟಲೆ ತಾಳಿಕೊಳ್ಳುತ್ತದೆ. ಆದರೆ ಕೆಲವರಲ್ಲಿ, ವಿಶೇಷವಾಗಿ ಹೃದಯಾಘಾತದಿಂದ ಒಂದು ಭಾಗದ ಸ್ನಾಯು ಮೊದಲೇ ಸತ್ತಿದ್ದವರಲ್ಲಿ, ದಿನದ ಲಕ್ಷ ಬಡಿತಗಳಲ್ಲಿ ಹೆಚ್ಚಿನವನ್ನು ಯಂತ್ರವೇ ಕೊಡುತ್ತಿದ್ದರೆ ಸ್ನಾಯು ನಿಧಾನವಾಗಿ ಸೋಲುತ್ತದೆ.

ಹೃದಯ ಮೊದಲೇ ದುರ್ಬಲವಾಗಿದ್ದ ರೋಗಿಗಳಲ್ಲಿ ಅನಗತ್ಯವಾಗಿ ಕೆಳಕೋಣೆಗೆ ಬಡಿತ ಕೊಡುತ್ತಿದ್ದರೆ ಹೃದಯ ವೈಫಲ್ಯ ಹೆಚ್ಚುತ್ತದೆ ಎಂಬುದು 2002ರಲ್ಲಿ ಪ್ರಕಟವಾದ ‘ಡೇವಿಡ್’ ಎಂಬ ಅಮೆರಿಕದ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಆ ಬಳಿಕ ವೈದ್ಯರು ಯಂತ್ರದ ವರದಿಯಲ್ಲಿ ಒಂದು ಅಂಕಿಯನ್ನು ವಿಶೇಷವಾಗಿ ನೋಡುತ್ತಾರೆ: ಕೆಳಕೋಣೆಗೆ ಯಂತ್ರ ಕೊಟ್ಟ ಬಡಿತ ಶೇಕಡಾ ಎಷ್ಟು? ಇದು ಶೇ. 20ಕ್ಕಿಂತ ಹೆಚ್ಚಿದ್ದರೆ ಹೃದಯದ ಸ್ನಾಯುವಿನ ಮೇಲೆ ಕಣ್ಣಿಡಬೇಕು. ಎಕೋ ವರದಿಯಲ್ಲಿ ‘ಇಎಫ್’ ಎಂಬ ಅಂಕಿ ಇರುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 55ರ ಮೇಲಿರುತ್ತದೆ. ಅಳವಡಿಸುವ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸಿ ನೋಡಬೇಕು. ಈ ಎರಡು ಅಂಕಿಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇರೆ ಊರಿನ ವೈದ್ಯರ ಬಳಿ ಹೋದರೂ ಕೆಲಸಕ್ಕೆ ಬರುತ್ತದೆ.

ಪರಿಹಾರವೂ ಇದೆ. ಸ್ವಂತ ಬಡಿತ ಸ್ವಲ್ಪವಾದರೂ ಉಳಿದಿದ್ದರೆ, ಯಂತ್ರ ತಾಳ್ಮೆಯಿಂದ ಕಾಯುವಂತೆ ಪ್ರೋಗ್ರಾಮ್ ಬದಲಿಸಿ ಅನಗತ್ಯ ಬಡಿತವನ್ನು ಕಡಿಮೆ ಮಾಡಬಹುದು. ದಾರಿ ಪೂರ್ತಿ ಕಡಿದುಹೋದವರಿಗೆ ಇದು ಆಗದು. ಅವರಿಗೆ ಎಡಗೋಡೆಗೂ ಒಂದು ವಯರ್ ಸೇರಿಸಿ ಎರಡೂ ಕಡೆ ಒಟ್ಟಿಗೆ ಬಡಿಯುವಂತೆ ಮಾಡುವ ಸಿಆರ್‌ಟಿ ಉಪಕರಣ ಇದೆ; ಹೃದಯದ ಸ್ವಂತ ವಯರಿಂಗಿನ ಜಾಗಕ್ಕೇ ವಯರ್ ನೆಡುವ ಹೊಸ ವಿಧಾನವೂ ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಬಂದಿದೆ. ನಮ್ಮ ಹಿರಿಯರಿಗೆ ಮಾಡಿದ್ದು ಇದನ್ನೇ. ಒಂದೂವರೆ ತಿಂಗಳು ಕಫದ ಔಷಧಿ ಕುಡಿಯದೆ ಬಂದಿದ್ದರೆ ಆಸ್ಪತ್ರೆಯಲ್ಲಿ ಅಷ್ಟು ದಿನ ಮಲಗಬೇಕಿರಲಿಲ್ಲ ಎಂದು ಅವರ ವೈದ್ಯರು ಹೇಳಿದರಂತೆ.

ಸಿಆರ್‌ಟಿ ಇದ್ದವರಿಗೆ ಲೆಕ್ಕ ತಲೆಕೆಳಗು ಎಂಬುದನ್ನು ಮರೆಯಬಾರದು. ಅಲ್ಲಿ ಯಂತ್ರ ಕೊಡುವ ಬಡಿತ ಶೇ. 100ಕ್ಕೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಅದು ಇಳಿದಿದ್ದರೆ ಏನೋ ಅಡ್ಡಿ ಬಂದಿದೆ ಎಂದರ್ಥ.

ಕಾಣದ ಎಎಫ್

ಮೇಲ್ಕೋಣೆಗಳು ತಾಳ ತಪ್ಪಿ ನಡುಗುವ ಕಾಯಿಲೆಗೆ ಏಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ ಎಎಫ್ ಎನ್ನುತ್ತಾರೆ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಪೇಸ್‌ಮೇಕರ್ ಎಎಫ್ ಅನ್ನು ತಡೆಯುವುದಿಲ್ಲ. ಅಷ್ಟೇ ಅಲ್ಲ, ಕೆಲವರಲ್ಲಿ ಅದನ್ನು ಮರೆಮಾಡುತ್ತದೆ. ಸಾಮಾನ್ಯವಾಗಿ ಎಎಫ್ ಇದ್ದವರ ನಾಡಿ ಅಡ್ಡಾದಿಡ್ಡಿ; ಹಿಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಕೆಳಕೋಣೆಗೆ ಯಂತ್ರವೇ ಬಡಿತ ಕೊಡುತ್ತಿದ್ದರೆ ಮೇಲೆ ಎಷ್ಟೇ ಗಲಾಟೆ ನಡೆದರೂ ಕೈಯಲ್ಲಿ ನಾಡಿ ಗಡಿಯಾರದಂತೆ ನಡೆಯುತ್ತಿರುತ್ತದೆ.

ಮೇಲ್ಕೋಣೆಗೂ ವಯರ್ ಇರುವ ಯಂತ್ರ ಈ ಗಲಾಟೆಯನ್ನು ದಿನಾಂಕ, ಗಂಟೆ ಸಮೇತ ಬರೆದಿಡುತ್ತದೆ. ಓದುವವರು ಬೇಕು ಅಷ್ಟೇ. 2012ರಲ್ಲಿ ಪ್ರಕಟವಾದ ‘ಅಸರ್ಟ್’ ಅಧ್ಯಯನದಲ್ಲಿ ರಕ್ತದೊತ್ತಡ ಇದ್ದ, ಆದರೆ ಎಎಫ್ ಇದೆ ಎಂದು ಎಂದೂ ಗೊತ್ತಾಗಿರದ, 65 ವರ್ಷ ದಾಟಿದ 2,580 ಮಂದಿಯ ಯಂತ್ರಗಳನ್ನು ಗಮನಿಸಲಾಯಿತು. ಮೂರು ತಿಂಗಳೊಳಗೆ ಹತ್ತರಲ್ಲಿ ಒಬ್ಬರಲ್ಲಿ ಆರು ನಿಮಿಷಕ್ಕಿಂತ ಹೆಚ್ಚಿನ ಇಂತಹ ಗಲಾಟೆ ದಾಖಲಾಗಿತ್ತು, ಮತ್ತು ಅವರಲ್ಲಿ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಹಾಗೆಂದು ಕೆಲವು ನಿಮಿಷದ ಎಎಫ್ ಕಂಡ ಎಲ್ಲರಿಗೂ ರಕ್ತ ತೆಳುಗೊಳಿಸುವ ಔಷಧಿ ಕೊಡಬೇಕೆಂದಿಲ್ಲ. 2023ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಔಷಧಿಯಿಂದ ಪಾರ್ಶ್ವವಾಯು ಕಡಿಮೆಯಾಯಿತು, ರಕ್ತಸ್ರಾವ ಹೆಚ್ಚಾಯಿತು. ವಯಸ್ಸು, ಸಕ್ಕರೆ, ಒತ್ತಡ, ಹೃದಯ ವೈಫಲ್ಯ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದನ್ನೆಲ್ಲ ತೂಗಿ ವೈದ್ಯರು ನಿರ್ಧರಿಸಬೇಕಾದ ವಿಷಯ ಇದು. ನಮ್ಮ ಪಾಲಿನ ಕೆಲಸ “ದಾಖಲೆಯಲ್ಲಿ ಎಎಫ್ ಕಂಡಿದೆಯೇ, ಎಷ್ಟು ಹೊತ್ತು?” ಎಂದು ಕೇಳುವುದು. ಕೇಳಲು ಸಂಕೋಚ ಬೇಡ.

ಹೃದಯಾಘಾತ, ಆಂಜಿನಾ ಇದ್ದವರು

ಇವರಲ್ಲಿ ನಾವು ಹೆಚ್ಚಾಗಿ ಕಾಣುವ ಗೊಂದಲ ಔಷಧಿಯ ಚೀಟಿಯದ್ದು. ಬಡಿತ ನಿಧಾನವಾದಾಗ ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಯನ್ನು ವೈದ್ಯರು ನಿಲ್ಲಿಸುತ್ತಾರೆ, ಏಕೆಂದರೆ ಅದು ಬಡಿತವನ್ನು ಇನ್ನಷ್ಟು ಇಳಿಸುತ್ತದೆ. ಪೇಸ್‌ಮೇಕರ್ ಬಂದ ಮೇಲೆ ಆ ಭಯ ಇಲ್ಲ. ಹೃದಯಾಘಾತ ಆದವರಿಗೆ, ಪಂಪ್ ದುರ್ಬಲ ಆದವರಿಗೆ ಆ ಮಾತ್ರೆ ಬೇಕಾಗಿರಬಹುದು. ಆದರೆ ಮನೆಯಲ್ಲಿ “ಡಾಕ್ಟರ್ ಅದನ್ನು ನಿಲ್ಲಿಸಲು ಹೇಳಿದ್ದರು” ಎಂಬ ಮಾತು ಉಳಿದುಬಿಡುತ್ತದೆ. ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ತಪಾಸಣೆಗೆ ಕೊಂಡುಹೋಗಿ, ನಿಂತ ಮಾತ್ರೆಗಳನ್ನು ಮತ್ತೆ ಶುರು ಮಾಡಬೇಕೇ ಎಂದು ಕೇಳಿ. ನೀವಾಗಿಯೇ ಶುರು ಮಾಡಬೇಡಿ.

ನಡೆದಾಡುವಾಗ ಬಡಿತ ಏರಿಸುವ ಸೌಲಭ್ಯ ಹಲವು ಯಂತ್ರಗಳಲ್ಲಿದೆ. ದೇಹದ ಅಲುಗಾಟವನ್ನು ನೋಡಿ ಅದು ಕೆಲಸ ಮಾಡುತ್ತದೆ. ಹೊಂಡಬಿದ್ದ ರಸ್ತೆಯಲ್ಲಿ ಆಟೋದಲ್ಲಿ ಕುಳಿತು ಹೋದರೂ ಅದು ನಡೆಯುತ್ತಿದ್ದಾನೆ ಎಂದುಕೊಂಡು ಬಡಿತ ಏರಿಸಬಹುದು (ನಮ್ಮ ಊರಿನ ರಸ್ತೆಗಳನ್ನು ನೋಡಿದರೆ ಯಂತ್ರವನ್ನು ದೂರುವಂತಿಲ್ಲ). ರಕ್ತನಾಳ ಕಿರಿದಾಗಿರುವವರಿಗೆ ಈ ಏರಿದ ಬಡಿತದಿಂದಲೇ ಎದೆ ಹಿಡಿದುಕೊಳ್ಳಬಹುದು. ಯಾವ ಹೊತ್ತಿನಲ್ಲಿ, ಏನು ಮಾಡುವಾಗ ನೋವು ಬಂತು ಎಂದು ತಪಾಸಣೆಯಲ್ಲಿ ಹೇಳಿದರೆ ಐದು ನಿಮಿಷದಲ್ಲಿ ಅದನ್ನು ತಗ್ಗಿಸಿ ಕೊಡುತ್ತಾರೆ.

ಇನ್ನೊಂದು ಮುಖ್ಯ ಸಂಗತಿ. ಯಂತ್ರದ ಬಡಿತ ಇರುವಾಗ ಇಸಿಜಿಯ ಆಕಾರವೇ ಬೇರೆ. ಹೃದಯಾಘಾತದ ಗುರುತುಗಳನ್ನು ಅದರಲ್ಲಿ ಓದುವುದು ಕಷ್ಟ. ಪೇಸ್‌ಮೇಕರ್ ಇದೆ ಎಂದು ಗೊತ್ತಿಲ್ಲದೆ ಓದಿದರೆ ಎರಡೂ ರೀತಿಯ ತಪ್ಪು ಆಗಬಹುದು. ಆದ್ದರಿಂದ ಮೈ ಚೆನ್ನಾಗಿರುವಾಗ ತೆಗೆದ ಒಂದು ಇಸಿಜಿಯ ಪ್ರತಿ ಮನೆಯಲ್ಲಿರಲಿ, ಮಗನ ಮೊಬೈಲ್‌ನಲ್ಲಿ ಅದರ ಫೋಟೊ ಇರಲಿ. ಮೊದಲು ನೋಡುವ ಊರಿನ ವೈದ್ಯರಿಗೆ ಅದು ದೊಡ್ಡ ಸಹಾಯ.

ಕವಾಟದ ಕಾಯಿಲೆ ಇದ್ದವರು

ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಆಪರೇಷನ್ ಮಾಡಿಸಿಕೊಂಡು, ಆ ಬಳಿಕ ವಯರಿಂಗ್ ಕೆಟ್ಟು ಪೇಸ್‌ಮೇಕರ್ ಪಡೆದವರು ನಮ್ಮ ನಡುವೆ ಇದ್ದಾರೆ. ಕವಾಟದ ಪಕ್ಕದಲ್ಲೇ ವಯರಿಂಗ್ ಹಾದುಹೋಗುವುದರಿಂದ ಕವಾಟ ಬದಲಿಸಿದ ಮೇಲೆ ಇಂತಹ ತೊಂದರೆ ಬರುವುದುಂಟು.

ಲೋಹದ ಕವಾಟ ಇದ್ದವರು ಜೀವನಪೂರ್ತಿ ವಾರ್ಫರಿನ್ ಅಥವಾ ಅಸಿಟ್ರಾಮ್‌ನಂತಹ ಔಷಧಿ ತೆಗೆದುಕೊಳ್ಳುತ್ತಾರೆ. ಡಬ್ಬಿ ಬದಲಿಸುವ ದಿನ ಹತ್ತಿರ ಬಂದಾಗ ಕೆಲವರು ಯಾರನ್ನೂ ಕೇಳದೆ ಒಂದು ವಾರ ಮುಂಚೆಯೇ ಮಾತ್ರೆ ನಿಲ್ಲಿಸುತ್ತಾರೆ. ಕವಾಟದ ಮೇಲೆ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಚುಚ್ಚುಮದ್ದು ಕೊಡುವುದಕ್ಕಿಂತ ವಾರ್ಫರಿನ್ ಮುಂದುವರಿಸಿಯೇ ಆಪರೇಷನ್ ಮಾಡಿದರೆ ಗಾಯದಲ್ಲಿ ರಕ್ತ ಕಟ್ಟುವುದು ಕಡಿಮೆ ಎಂದು 2013ರಲ್ಲಿ ಪ್ರಕಟವಾದ ಕೆನಡಾ ನೇತೃತ್ವದ ಅಧ್ಯಯನ ತೋರಿಸಿದೆ. ಯಾವುದು ನಿಮಗೆ ಸರಿ ಎಂಬುದನ್ನು ಆಪರೇಷನ್ ಮಾಡುವವರೇ ಹೇಳಬೇಕು.

ಹಲ್ಲು ಕೀಳಿಸುವಾಗಲೂ ಗೊಂದಲ ಇದೆ. ಪೇಸ್‌ಮೇಕರ್ ಒಂದೇ ಇದ್ದವರಿಗೆ ಮುಂಚಿತವಾಗಿ ಆ್ಯಂಟಿಬಯೋಟಿಕ್ ಬೇಕಾಗಿಲ್ಲ. ಕೃತಕ ಕವಾಟ ಇದ್ದವರಿಗೆ ಬೇಕು. ಎರಡೂ ಇದ್ದರೆ ಕವಾಟದ ನಿಯಮವೇ ಅನ್ವಯಿಸುತ್ತದೆ. ದಂತವೈದ್ಯರಿಗೆ ಎರಡನ್ನೂ ಹೇಳಿ. ಡಬ್ಬಿ ಇರುವ ಜಾಗದಲ್ಲಿ ಕೆಂಪು, ಊತ, ಕೀವು ಕಂಡರೆ ಅಥವಾ ಚರ್ಮ ತೆಳುವಾಗಿ ಡಬ್ಬಿಯ ಅಂಚು ಕಾಣತೊಡಗಿದರೆ ಮುಲಾಮು ಹಚ್ಚುತ್ತ, ಎಣ್ಣೆ ತಿಕ್ಕುತ್ತ ಕೂರಬೇಡಿ. ಸೋಂಕು ವಯರಿನ ಜೊತೆಗೇ ಹೃದಯದೊಳಕ್ಕೆ ಇಳಿಯುತ್ತದೆ, ಕವಾಟಕ್ಕೂ ಹತ್ತುತ್ತದೆ. ಕಾರಣ ಸಿಗದೆ ವಾರಗಟ್ಟಲೆ ಬರುವ ಜ್ವರವನ್ನೂ ಹಾಗೆಯೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮಾಝ್, ಉಪವಾಸ, ಪ್ರಯಾಣ

ಓದುಗರು ನಮ್ಮನ್ನು ಹೆಚ್ಚು ಕೇಳುವುದು ಇದನ್ನೇ. ಅಳವಡಿಸಿದ ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಆ ಕೈಯ ಮೇಲೆ ಭಾರ ಹಾಕಬಾರದು. ಹೊಸ ವಯರ್ ಜಾರುವ ಸಾಧ್ಯತೆ ಇದೆ. ಆದ್ದರಿಂದ ತಕ್ಬೀರ್‌ಗೆ ಕೈ ಕಿವಿಯವರೆಗೆ ಎತ್ತುವುದು, ಸುಜೂದ್‌ನಿಂದ ಕೈಯೂರಿ ಏಳುವುದು ಆ ಅವಧಿಯಲ್ಲಿ ಬೇಡ. ಕುರ್ಚಿಯ ಮೇಲೆ ನಮಾಝ್ ಮಾಡುವ ರಿಯಾಯಿತಿ ಇದಕ್ಕೇ ಇರುವುದು. ಹಾಗೆಂದು ಹೆದರಿ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಡಲೂಬಾರದು, ಭುಜ ಬಿಗಿದುಕೊಳ್ಳುತ್ತದೆ. ವುಝೂವಿಗೆ ತೊಂದರೆ ಇಲ್ಲ, ಗಾಯ ಒಣಗುವವರೆಗೆ ಎದೆಯ ಮೇಲೆ ನೀರು ಬೀಳದಂತೆ ನೋಡಿಕೊಂಡರೆ ಸಾಕು. ಸ್ನಾನದ ವಿಷಯದಲ್ಲಿ ವೈದ್ಯರು ಹೇಳಿದ ದಿನಗಳನ್ನು ತಿಳಿಸಿ ಉಲಮಾಗಳನ್ನು ಕೇಳಿಕೊಳ್ಳಿ. ಮಸೀದಿಯ ಸ್ವಯಂಸೇವಕರಿಗೆ ಒಂದು ಮಾತು: ದೊಡ್ಡ ಧ್ವನಿವರ್ಧಕ ಪೆಟ್ಟಿಗೆಯಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಇದ್ದವರು ಅದನ್ನು ಎದೆಗವಚಿಕೊಂಡು ಹೊರಬಾರದು. ಮೊಬೈಲನ್ನು ಅದೇ ಬದಿಯ ಜೇಬಿನಲ್ಲಿಡದೆ ಒಂದು ಗೇಣು ದೂರ ಇಡಬೇಕು, ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಬೇಕು. ಮಿಕ್ಸಿ, ಫ್ಯಾನ್, ಟಿವಿಗೆ ಹೆದರಬೇಕಾಗಿಲ್ಲ.

ರಮಝಾನ್ ಉಪವಾಸಕ್ಕೆ ಪೇಸ್‌ಮೇಕರ್ ಒಂದೇ ಅಡ್ಡಿಯಾಗುವುದು ಅಪರೂಪ. ಅಡ್ಡಿಯಾಗುವುದು ಜೊತೆಗಿರುವ ಕಾಯಿಲೆ. ಹೃದಯ ವೈಫಲ್ಯಕ್ಕೆ ಮೂತ್ರದ ಮಾತ್ರೆ ತೆಗೆದುಕೊಳ್ಳುವವರು ಹದಿನಾಲ್ಕು ಗಂಟೆ ನೀರಿಲ್ಲದೆ ಇದ್ದರೆ ಒತ್ತಡ ಕುಸಿಯಬಹುದು, ಮೂತ್ರಪಿಂಡ ದಣಿಯಬಹುದು. ಆಗ ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ. ಇಫ್ತಾರ್‌ನಲ್ಲಿ ಹಿಡಿ ತುಂಬ ಖರ್ಜೂರ, ಮೇಲೆ ಎರಡು ಎಳನೀರು. ಎರಡರಲ್ಲೂ ಪೊಟ್ಯಾಶಿಯಂ ಧಾರಾಳ. ಪೊಟ್ಯಾಶಿಯಂ ಬಹಳ ಏರಿದರೆ ಪೇಸ್‌ಮೇಕರ್ ಕೊಟ್ಟ ವಿದ್ಯುತ್ತಿಗೆ ಹೃದಯ ಸ್ಪಂದಿಸದೇ ಹೋಗಬಹುದು. ಇಂತಹವರು ಶಅಬಾನ್ ತಿಂಗಳಲ್ಲೇ ರಕ್ತಪರೀಕ್ಷೆ ಮಾಡಿಸಿ, ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು ಎಂದು ಕೇಳಿಕೊಳ್ಳಬೇಕು.

ಹಜ್ಜ್ ಅಥವಾ ಉಮ್ರಾಕ್ಕೆ ಹೊರಡುವವರು, ಗಲ್ಫ್‌ನಲ್ಲಿರುವ ಮಕ್ಕಳ ಬಳಿಗೆ ಹೋಗುವ ತಂದೆತಾಯಿಗಳು ಹೊರಡುವ ಮುನ್ನ ಯಂತ್ರದ ತಪಾಸಣೆ, ಎಕೋ ಎರಡನ್ನೂ ಮುಗಿಸಿರಬೇಕು. ಪೇಸ್‌ಮೇಕರ್ ಕಾರ್ಡ್ ಪಾಸ್‌ಪೋರ್ಟಿನ ಜೊತೆಗಿರಲಿ. ಒಂದು ಕಂಪನಿಯ ಯಂತ್ರವನ್ನು ಅದೇ ಕಂಪನಿಯ ಪ್ರೋಗ್ರಾಮರ್ ಮಾತ್ರ ಓದಬಲ್ಲದು. ಮೆಡ್‌ಟ್ರಾನಿಕ್, ಅಬಾಟ್, ಬೋಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್ ಹೀಗೆ ಯಾವುದು ಎಂದು ಹೇಳಲು ಕಾರ್ಡ್ ಬೇಕು. ವಿಮಾನ ನಿಲ್ದಾಣದಲ್ಲಿ ಕಾರ್ಡ್ ತೋರಿಸಿ, ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಹಿಡಿದಿಡದಂತೆ ಹೇಳಿ. ಬಾಗಿಲಿನಂತಹ ಶೋಧಕದ ಮೂಲಕ ನಿಲ್ಲದೆ ನಡೆದುಹೋದರೆ ತೊಂದರೆಯಿಲ್ಲ. ಎಮ್‌ಆರ್‌ಐ ಮಾಡಿಸಬೇಕಾದಾಗಲೂ ಇದೇ ಕಾರ್ಡ್ ನೋಡಿ ನಿರ್ಧರಿಸುತ್ತಾರೆ; ಡಬ್ಬಿ ಮಾತ್ರವಲ್ಲ, ವಯರ್ ಕೂಡ ಎಮ್‌ಆರ್‌ಐಗೆ ಹೊಂದುವಂಥದ್ದಾಗಿರಬೇಕು.

ಕೊನೆಯದಾಗಿ, ಮನೆಗಳಲ್ಲಿ ಪಿಸುದನಿಯಲ್ಲಿ ಕೇಳುವ ಪ್ರಶ್ನೆ. ಪೇಸ್‌ಮೇಕರ್ ಇದ್ದರೆ ಪ್ರಾಣ ಹೋಗಲು ಕಷ್ಟವಾಗುತ್ತದೆಯೇ? ಇಲ್ಲ. ಸ್ನಾಯು ಸ್ಪಂದಿಸುವುದನ್ನು ನಿಲ್ಲಿಸಿದ ಮೇಲೆ ಯಂತ್ರ ವಿದ್ಯುತ್ ಕೊಟ್ಟರೂ ಹೃದಯ ಬಡಿಯುವುದಿಲ್ಲ. ದಫನ ಮಾಡುವ ಮೊದಲು ಅದನ್ನು ತೆಗೆಯಬೇಕಾದ ಅಗತ್ಯವೂ ಇಲ್ಲ. ಶವ ಸುಡುವವರಲ್ಲಿ ಬ್ಯಾಟರಿ ಸಿಡಿಯುವುದರಿಂದ ತೆಗೆಯುತ್ತಾರೆ. ಆದರೆ ಐಸಿಡಿ ಎಂಬ ಶಾಕ್ ಕೊಡುವ ಉಪಕರಣ ಇದ್ದವರ ವಿಷಯ ಬೇರೆ. ಕೊನೆಯ ಗಳಿಗೆಯಲ್ಲಿ ಬಡಿತ ಏರುಪೇರಾದಾಗ ಅದು ಮತ್ತೆ ಮತ್ತೆ ಶಾಕ್ ಕೊಟ್ಟು ರೋಗಿಗೆ ನೋವುಂಟುಮಾಡಬಹುದು. ಗುಣವಾಗದ ಕಾಯಿಲೆಯಿಂದ ಮಲಗಿದವರ ಐಸಿಡಿಯ ಶಾಕ್ ಭಾಗವನ್ನು ಪ್ರೋಗ್ರಾಮರ್‌ನಿಂದ ನಿಲ್ಲಿಸಿಡಬಹುದು, ಅದಕ್ಕೆ ಆಪರೇಷನ್ ಬೇಡ. ಈ ಮಾತನ್ನು ರೋಗಿಗೆ ಪ್ರಜ್ಞೆ ಇರುವಾಗಲೇ, ಒಂದು ಸಾಮಾನ್ಯ ತಪಾಸಣೆಯ ದಿನ, ವೈದ್ಯರ ಜೊತೆ ಆಡಿಕೊಳ್ಳಬಹುದು. ನಮ್ಮ ಹಿರಿಯರ ಮುಂದಿನ ತಪಾಸಣೆ ಬರುವ ತಿಂಗಳು ಎರಡನೇ ಸೋಮವಾರ. ಈ ಬಾರಿ ಮಗ ಎಕೋಗೂ ಅದೇ ದಿನ ಹೆಸರು ಬರೆಸಿದ್ದಾರೆ.